ಮನೆ ಒಡೆಯೋ ಲಾಯರ್

ಕೋರ್ಟಿಗೆ ಹೋಗದ ಲಾಯರ್ ಅಂದರೆ ಏನೆಂದು ಶ್ರೀನಗರದಲ್ಲಿ ಮೈತ್ರಿಯ ಮನೆಯಿದ್ದ ಬೀದಿಯಲ್ಲಿ ಯಾರಿಗೂ ಅರ್ಥವಾಗಿರಲಿಲ್ಲ. ಮೈತ್ರಿಯ ಅಪ್ಪ ಉಗ್ರಪ್ಪನಿಗೂ ಆಗಿರಲಿಲ್ಲ. ಮಗಳು ದೊಡ್ಡ ಲಾ ಫರ್ಮಿನ ಕೆಲಸ ಬಿಟ್ಟು, ಜಯನಗರದಲ್ಲಿ ಕನ್ನಡಕದಂಗಡಿಯೊಂದರ ಮೇಲಿನ ರೂಮಿನಲ್ಲಿ ಸ್ವಂತ ಆಫೀಸು ತೆರೆದ ದಿನ, ಬುದ್ಧನ ಫೋಟೋಗೆ ಹೂವಿಟ್ಟು ಅವನು ಕೇಳಿದ್ದು ಒಂದೇ ಪ್ರಶ್ನೆ.

"ಕರೀಕೋಟು ಎಲ್ಲಮ್ಮಾ?"

"ನಾನು ಕಂಪನಿ ಲಾಯರ್ ಅಪ್ಪ. ಜಗಳ ಆದ್ಮೇಲೆ ವಾದ ಮಾಡೋಳಲ್ಲ. ಜಗಳ ಆಗ್ದೇ ಇರೋ ಹಾಗೆ ಕಾಗದ ಬರೆಯೋಳು."

"ಜಗಳಾನೇ ಆಗ್ಲಿಲ್ಲ ಅಂದ್ರೆ ನಿನ್ ಹತ್ರ ಯಾರ್ ಬರ್ತಾರೆ?"

ತಮಾಷೆಗೆ ಕೇಳಿದ್ದು, ನಿಜವೇ ಆಯಿತು. ಲಾಯರುಗಳು ಬೋರ್ಡು ಹಾಕಿ ಜಾಹೀರಾತು ಕೊಡುವಂತಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳಬೇಕು, ಅಷ್ಟೇ ದಾರಿ. ಬಿಟಿಎಂ ಲೇಔಟಿನ ಸ್ಟಾರ್ಟಪ್ ಹುಡುಗರು ಬರುತ್ತಿದ್ದರು. "ಅಗ್ರಿಮೆಂಟ್ ಎಐ ಬರ್ದಿದೆ ಮೇಡಂ, ನೀವು ಸುಮ್ನೆ ಒಂದ್ಸಲ ಕಣ್ಣಾಡ್ಸಿ." ಕಣ್ಣಾಡಿಸಿದರೆ, ಕಂಪನಿ ಇರುವುದು ಬನಶಂಕರಿಯಲ್ಲಿ, ತಕರಾರು ತೀರ್ಮಾನವಾಗಬೇಕಾದದ್ದು ಕ್ಯಾಲಿಫೋರ್ನಿಯಾದಲ್ಲಿ! ಕೂತು ಎಲ್ಲವನ್ನೂ ಹೊಸದಾಗಿ ಬರೆದು ಕಳಿಸಿದರೆ "ಸಖತ್ ಮೇಡಂ" ಎಂದು ಒಂದು ಬೆಂಕಿ ಇಮೋಜಿ. ಆಮೇಲೆ ಫೀಸಿಗೆ ಫೋನು ಮಾಡಿದರೆ ಎತ್ತುವವರಿಲ್ಲ.

ಅವಳು ಕಾಲೂರಿ ನಿಲ್ಲುವಂತೆ ಮಾಡಿದವನು ಹೊಸಕೆರೆಹಳ್ಳಿಯ ನಂದಕುಮಾರ್. ಅವನ ಅಪ್ಪ ತಿಮ್ಮರಾಯಪ್ಪ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಪಿಜಿ ಕಟ್ಟಡಗಳೆದ್ದಿದ್ದವು. ನಂದಕುಮಾರ್ ತನ್ನ ಟೈಲ್ಸ್ ವ್ಯಾಪಾರವನ್ನು ಕಂಪನಿ ಮಾಡಿಸಲು ಬಂದವನು, ಕೆಲಸ ಸಲೀಸಾಗಿ ಮುಗಿದದ್ದು ನೋಡಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ. "ಗುರು, ನಮ್ ಮೈತ್ರಿ ಮೇಡಂ ಅವ್ರೆ, ಹೋಗಿ ನೋಡು." ಬೇಕರಿಯವರು, ಬೋರ್‌ವೆಲ್ಲಿನವರು, ಕೇಟರಿಂಗಿನವರು ಸಾಲಾಗಿ ಬಂದರು. ಕಡೆಗೆ ಮೈತ್ರಿಯ ಮೇಜಿನ ಮೇಲಿದ್ದ ಫೈಲುಗಳೆಲ್ಲ ಅವನ ಬಾಯಿಂದಲೇ ಬಂದವಾಗಿದ್ದವು. ಅವನು ಮುನಿದರೆ ಆಫೀಸಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ಅವನು ದೊಡ್ಡ ಕೆಲಸವನ್ನೇ ತಂದ. ಮನೆಯ ಕಟ್ಟಡಗಳನ್ನೆಲ್ಲ ಒಂದೇ ಕಂಪನಿಯ ಕೆಳಗೆ ತರಬೇಕು. ಷೇರು ಅಪ್ಪನಿಗೆ ಮತ್ತು ಇಬ್ಬರು ಗಂಡುಮಕ್ಕಳಿಗೆ. ಸುದ್ದಗುಂಟೆಪಾಳ್ಯಕ್ಕೆ ಮದುವೆಯಾಗಿ ಹೋದ ತಂಗಿ ಅರ್ಪಿತ ಮೊದಲು ತನ್ನ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕುತ್ತಾಳೆ.

"ಅವ್ರಿಗೆ ಏನು ಕೊಡ್ತೀರ?" ಎಂದು ಮೈತ್ರಿ ಕೇಳಿದಳು.

"ಅರಿಶಿನ ಕುಂಕುಮಕ್ಕೆ ಬಿಟ್ಕೊಡ್ತಾಳೆ ಮೇಡಂ. ಸೀರೆ, ಮಡ್ಲಕ್ಕಿ. ನಮ್ ಸೋದರತ್ತೇರೂ ಹಂಗೇ ಮಾಡಿದ್ದು."

ಸಹಿಯ ಹಿಂದಿನ ದಿನ ಅರ್ಪಿತಳೇ ಫೋನು ಮಾಡಿದಳು.

"ಅಕ್ಕ, ನಂಗೆ ಸೈನ್ ಹಾಕಕ್ಕೆ ಇಷ್ಟ ಇಲ್ಲ."

"ಅರ್ಪಿತ, ನಾನು ಕಂಪನಿ ಲಾಯರ್. ನಿಮ್ಮ ಪರ ನಿಲ್ಲೋ ಹಾಗಿಲ್ಲ. ನೀವು ಬೇರೆ ಲಾಯರ್ ನೋಡಿ."

"ಬೇರೆ ಲಾಯರ್ ಹತ್ರ ಹೋದೆ ಅಂತ ಅಣ್ಣಂಗೆ ಗೊತ್ತಾದ್ರೆ ಮುಗೀತು ನನ್ ಕಥೆ. ಒಂದೇ ಮಾತು ಅಕ್ಕ. ಟೈಮ್ ತಗೊಂಡು ಯೋಚ್ನೆ ಮಾಡಿ ಹಾಕ್ಲಿ ಅಂತ ಎಲ್ಲರ ಮುಂದೆ ಹೇಳ್ಬಿಡಿ. ನಾನ್ ಹೇಳಿದ್ರೆ ಜಗಳ, ನೀವ್ ಹೇಳಿದ್ರೆ ಕಾನೂನು."

ಫೋನಿಟ್ಟ ಮೇಲೆ ಮೈತ್ರಿ ತುಂಬ ಹೊತ್ತು ಯೋಚಿಸಿದಳು. ಒತ್ತಾಯದ ಸಹಿಯ ಮೇಲೆ ನಿಂತ ಕಂಪನಿ ನಾಳೆ ಕುಸಿಯುತ್ತದೆ. ಆ ಮಾತು ಹೇಳುವುದು ಕಂಪನಿ ಲಾಯರಿನ ಕರ್ತವ್ಯವೇ ಅಲ್ಲವೇ? ಹೌದು ಅನಿಸಿತು. ಅವಳ ಲೆಕ್ಕ ತಪ್ಪಿದ್ದು ಬೇರೆ ಕಡೆ. ಕಂಪನಿಗಳ ಮೀಟಿಂಗಿನಲ್ಲಿ ಜನ ಫೋನಿನಲ್ಲಿ ಹೇಳಿದ್ದನ್ನೇ ಮೇಜಿನ ಮುಂದೆಯೂ ಹೇಳುತ್ತಾರೆ. ತಿಮ್ಮರಾಯಪ್ಪನ ಹಜಾರವನ್ನೂ ಅವಳು ಅಂಥದ್ದೇ ಮೀಟಿಂಗ್ ಎಂದುಕೊಂಡಳು.

ಮರುದಿನ ಆ ಹಜಾರದಲ್ಲಿ ಒಬ್ಬಟ್ಟಿನ ವಾಸನೆ ತುಂಬಿತ್ತು. ಅರ್ಪಿತಳ ತಾಯಿ ಮಂಗಮ್ಮ ಸೀರೆ, ಬಳೆ, ತೆಂಗಿನಕಾಯಿ ಇಟ್ಟ ತಟ್ಟೆಯ ಪಕ್ಕ ಅಕ್ಕಿಯ ಮೊರ ಹಿಡಿದು ನಿಂತಿದ್ದರು.

"ಹಾಕವ್ವ, ರಾಹುಕಾಲ ಬರೋದ್ರೊಳ್ಗೆ," ಎಂದು ತಿಮ್ಮರಾಯಪ್ಪ ಮಗಳ ಕಡೆ ಪೆನ್ನು ಚಾಚಿದ.

"ಒಂದ್ನಿಮಿಷ ಸಾರ್," ಎಂದಳು ಮೈತ್ರಿ. "ಅರ್ಪಿತ ಸ್ವಲ್ಪ ಟೈಮ್ ತಗೊಂಡು, ಬೇರೆ ಲಾಯರನ್ನೂ ಕೇಳಿ ಹಾಕಿದ್ರೆ ಒಳ್ಳೇದು. ಒತ್ತಾಯ ಮಾಡಿದ್ರು ಅಂತ ನಾಳೆ ಯಾರಾದ್ರೂ ಅಂದ್ರೆ ಕಂಪನಿಗೇ ಕಷ್ಟ."

ಒಳಗೆ ಎಣ್ಣೆ ಚಟಪಟ ಅನ್ನುವುದು ಹೊರಗೆ ಕೇಳಿಸಿತು.

"ಯಾರ್ ಮೇಡಂ ಅನ್ನೋರು?" ನಂದಕುಮಾರ್ ನಕ್ಕ. ನಗು ಅರ್ಧಕ್ಕೇ ನಿಂತಿತು. "ನಾವೇನ್ ಹೊರಗಿನೋರಾ ಅವ್ಳಿಗೆ?"

ತಿಮ್ಮರಾಯಪ್ಪ ನಗಲಿಲ್ಲ. "ನಮ್ ಮಗ್ಳು ನಿಮ್ಮನ್ನ ಕೇಳಿದ್ಲಾ?"

ಎಲ್ಲರೂ ಅರ್ಪಿತಳನ್ನು ನೋಡಿದರು. ಅರ್ಪಿತ ತಾಯಿಯನ್ನು ನೋಡಿದಳು. ತಾಯಿ ಮೊರದಲ್ಲಿದ್ದ ಅಕ್ಕಿಯನ್ನು ನೋಡುತ್ತಿದ್ದರು.

"ನಾನ್ಯಾಕೆ ಕೇಳ್ಲಪ್ಪ? ನಂಗೇನ್ ತಲೆ ಕೆಟ್ಟಿದ್ಯಾ?" ಎಂದ ಅರ್ಪಿತ ಪೆನ್ನು ಕಿತ್ತುಕೊಂಡು ಸರಸರನೆ ಸಹಿ ಹಾಕಿಬಿಟ್ಟಳು.

ಮೈತ್ರಿಯ ಫೋನು ಬ್ಯಾಗಿನಲ್ಲೇ ಇತ್ತು, ನಿನ್ನೆ ಅರ್ಪಿತ ಕರೆ ಮಾಡಿದ್ದರ ಗುರುತು ಅದರಲ್ಲಿತ್ತು. ತೆಗೆದು ತೋರಿಸಿದರೆ ತಾನು ಉಳಿಯುತ್ತಿದ್ದಳು, ಆ ಹುಡುಗಿಗೆ ತವರಿನ ಬಾಗಿಲು ಮುಚ್ಚುತ್ತಿತ್ತು. ಮೈತ್ರಿ ಬ್ಯಾಗಿನ ಜಿಪ್ಪು ಎಳೆದು ಮುಚ್ಚಿದಳು.

ಮಂಗಮ್ಮ ಮಗಳ ಮಡಿಲಿಗೆ ಅಕ್ಕಿ ಸುರಿದರು. ಮೈತ್ರಿಗೂ ಕುಂಕುಮ ಕೊಟ್ಟು "ಊಟ ಮಾಡ್ಕೊಂಡ್ ಹೋಗಿ" ಎಂದರು. "ಇಲ್ಲಮ್ಮ, ಕೆಲ್ಸ ಇದೆ" ಎಂದದ್ದಕ್ಕೆ ಎರಡನೇ ಸಲ ಯಾರೂ ಕರೆಯಲಿಲ್ಲ.

ಗೇಟಿನವರೆಗೆ ಅರ್ಪಿತಳೊಬ್ಬಳೇ ಬಂದಳು. ಸೆರಗಿನಲ್ಲಿ ಅಕ್ಕಿಯ ಗಂಟು ಹಾಗೇ ಇತ್ತು.

"ನನ್ ಮೇಲೆ ಕೋಪಾನಾ ಅಕ್ಕ?"

"ಇಲ್ಲ."

"ಅಮ್ಮ ಮೊರದಿಂದ ತಲೆ ಎತ್ಲೇ ಇಲ್ಲ, ನೋಡಿದ್ರಲ್ಲ? ಇವತ್ತು ಬೇಡ ಅಂದ್ರೆ ನಾಳೆ ಗೌರಿ ಹಬ್ಬಕ್ಕೆ ನನ್ನ ಯಾರ್ ಕರೀತಾರೆ?" ಒಳಗಿನಿಂದ ಅಣ್ಣ ಕೂಗಿದ. ಅರ್ಪಿತ ದನಿ ತಗ್ಗಿಸಿದಳು. "ನಾನ್ ಫೋನ್ ಮಾಡಿದ್ದು ಮಾತ್ರ ಯಾರಿಗೂ ಹೇಳ್ಬೇಡಿ." ಹಾಗಂದವಳು ಓಡಿಯೇಬಿಟ್ಟಳು.

ಹೇಳುವುದು ಎಲ್ಲಿಂದ ಬಂತು? ಕಕ್ಷಿದಾರರ ಮನೆಯ ಮಾತನ್ನು ಲಾಯರು ಹೊರಗೆ ಆಡುವಂತೆಯೇ ಇಲ್ಲ. ಆಡಿದವನು ನಂದಕುಮಾರ್. "ಮನೆ ಒಡೆಯೋ ಲಾಯರ್ ಗುರು ಅವ್ಳು. ಅಣ್ಣ ತಂಗಿ ಮಧ್ಯೆ ಬೆಂಕಿ ಇಡಕ್ಕೆ ಬಂದಿದ್ಲು." ಅವನು ತಂದುಕೊಟ್ಟ ಜನಕ್ಕೆಲ್ಲ ಅದೇ ಬಾಯಿಂದ ಈ ಮಾತೂ ಮುಟ್ಟಿತು.

ಕಂಪನಿ ಮಾಲೀಕರ ಡಿಜಿಟಲ್ ಸಹಿ ಪೆನ್‌ಡ್ರೈವಿನಂಥ ಒಂದು ಟೋಕನ್ನಿನಲ್ಲಿರುತ್ತದೆ. ಸರ್ಕಾರಕ್ಕೆ ಏನೇ ಸಲ್ಲಿಸಲು ಅದು ಬೇಕು. ಹಾಗಾಗಿ ನಂಬಿದ ಲಾಯರಿನ ಹತ್ತಿರವೇ ಬಿಟ್ಟಿರುತ್ತಾರೆ. ಮೊದಲು ನಂದಕುಮಾರನ ಡ್ರೈವರ್ ಬಂದು "ಅಣ್ಣಂದು ಅದೇನೋ ಪೆನ್‌ಡ್ರೈವ್ ಅಂತೆ, ಕೊಡ್ಬೇಕಂತೆ" ಎಂದ. ಬೋರ್‌ವೆಲ್ಲಿನವನು ಕೆಳಗೆ ಬೈಕಿನ ಮೇಲೇ ಕೂತು, ಕಳಿಸಿ ಅಂತ ಮೆಸೇಜು ಹಾಕಿದ. ಕೇಟರಿಂಗಿನವರು ಆಡಿಟರ್ ಬದಲಾದ ನೆಪ ಹೇಳಿದರು. ಮೈತ್ರಿ ಯಾರನ್ನೂ ಯಾಕೆಂದು ಕೇಳಲಿಲ್ಲ. ಕೇಳಿದರೆ ಆ ಮನೆಯಲ್ಲಿ ಏನು ನಡೆಯಿತೆಂದು ಅವಳೇ ಹೇಳಬೇಕಾಗುತ್ತಿತ್ತು, ಅದನ್ನು ಅವಳು ಆಡುವಂತಿರಲಿಲ್ಲ.

ಕೊನೆಗೆ ಬಂದವನು ಬೇಕರಿಯ ಶಿವಕಿರಣ್. ಅವನೊಬ್ಬನೇ ಮೆಟ್ಟಿಲು ಹತ್ತಿ ಬಂದು, ಕುರ್ಚಿಯ ತುದಿಯಲ್ಲಿ ಕೂತ. ಮೈತ್ರಿ ಡ್ರಾಯರು ಎಳೆದಳು. ಒಳಗೆ ಅವನದೊಂದೇ ಉಳಿದಿತ್ತು.

"ನೀವಾದ್ರೂ ಇರ್ತೀರ ಅಂದ್ಕೊಂಡಿದ್ದೆ," ಎಂದಳು. ಟೋಕನ್ ತೆಗೆದು ಅವನ ಮುಂದಿಟ್ಟಳು.

ಶಿವಕಿರಣ್ ಟೋಕನ್ ಜೇಬಿಗೆ ಹಾಕಿಕೊಂಡು ಎದ್ದ. ಬಾಗಿಲವರೆಗೆ ಹೋಗಿ ನಿಂತ.

"ನೀವು ಹೇಳಿದ್ದು ಸರೀನೇ ಇರುತ್ತೆ ಮೇಡಂ. ಅದಕ್ಕೇ ಭಯ. ನಂಗೂ ಇಬ್ರು ತಂಗೀರಿದ್ದಾರೆ."