ಗೇರಿಗೆ ಹಾಕಿದೊಡನೆ ನಿಂತ ಕಾರು

ತಂಗಿಯ ಬಲಗೈಯ ಹಸಿರು ಬಳೆಗಳಲ್ಲಿ ಎರಡಕ್ಕೆ ಮಸಿ ಹತ್ತಿತ್ತು. ಒಲೆಯ ಮಸಿ ಎಂದುಕೊಂಡೆ. ಆದರೆ ಗಂಡನ ಮನೆಗೆ ಹೊರಟು ನಿಂತವಳನ್ನು ಒಲೆಯ ಹತ್ತಿರ ಯಾರು ಬಿಡುತ್ತಾರೆ? ಅಷ್ಟು ಯೋಚಿಸಿದ್ದರೆ ನಾನು ಅಂದು ಬಾಯಿ ತೆರೆಯುತ್ತಿರಲಿಲ್ಲ.

ಅವಳು ಗದಗಿನ ನನ್ನ ಕಾಕಾನ ಮಗಳು. (ಹೆಸರು ಬರೆಯುವುದಿಲ್ಲ. ಉಳಿದದ್ದನ್ನು ಬರೆಯಲು ಅವಳೇ ಒಪ್ಪಿದ್ದಾಳೆ.) ಹೋದ ವರ್ಷ ಮುಂಡರಗಿಗೆ ಕೊಟ್ಟಿದ್ದರು. ನಾಗರಪಂಚಮಿಗೆ ತವರಿಗೆ ಬಂದವಳನ್ನು ಮರಳಿ ಕಳಿಸುವ ದಿನ ಅದು. ಅವಳ ತಾಯಿ, ನನ್ನ ಚಿಗವ್ವ, ಉಡಿ ತುಂಬಿದ್ದಳು: ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸಕ್ಕೊಂದು ಕೆಂಪಂಚಿನ ಖಣ. ಬುತ್ತಿ ಕಟ್ಟಿಯಾಗಿತ್ತು. ಬಾಗಿಲ ಮುಂದೆ ಕಾಕಾನ ಹಳೆಯ ಕಾರು ನಿಂತಿತ್ತು.

ಹ್ಯಾಂಡಲ್ ತಿರುಗಿಸಿದರೆ ಕಾರು ಚಾಲೂ ಆಗುತ್ತದೆ. ಗುರುಗುಟ್ಟುತ್ತದೆ. ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಒಂದು ಸಲ ಮುಗ್ಗರಿಸಿ ಸುಮ್ಮನಾಗುತ್ತದೆ! ಮತ್ತೆ ತಿರುಗಿಸು, ಮತ್ತೆ ಅದೇ ಕತೆ.

“ಕ್ಲಚ್ ಹೋಗೇತಿ” ಎಂದ ಕಾಕಾ.

ಬೆಟಗೇರಿಯಿಂದ ಮಿಸ್ತ್ರಿಯನ್ನು ಕರೆಸಿದರು. ಆತ ಬಾನೆಟ್ಟಿನೊಳಗೆ ತಲೆ ಹಾಕಿ, “ಕ್ಲಚ್ ಚಲೋ ಐತ್ರಿ ಸಾವಕಾರ್ರ. ಪ್ಲಗ್ಗಿನಾಗ ಕಸ ಕುಂತಿರಬೇಕು” ಎಂದು ಪ್ಲಗ್ ಬಿಚ್ಚಿ, ಒರೆಸಿ, ತಿರುಗಿ ಕೂರಿಸಿದ. ಕಾರು ಮತ್ತೆ ನಿಂತುಹೋಯಿತು.

ಗದಗು ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದ ಹೊಸತು ಅದು. ಪಕ್ಕದ ಮನೆಯ ವಕೀಲರು ಕಟ್ಟೆಯ ಮೇಲಿಂದಲೇ ತೀರ್ಪು ಕೊಟ್ಟರು: “ಮುಂಬೈ ಸರಕಾರದಾಗ ಇದ್ದಾಗ ಸೀದಾ ಓಡ್ತಿತ್ತಪಾ. ಮೈಸೂರು ಸೇರಿದ ಮ್ಯಾಲ ಹಟ ಹಿಡದೈತಿ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ತಂಗಿ ನಗಲಿಲ್ಲ.

“ಪೆಟ್ರೋಲಿನಾಗ ನೀರು ಬೆರತಿರಬೇಕು.” “ಅಲ್ಲ, ಡೈನಮೋ ನೋಡ್ರಿ.” “ರಾಹುಕಾಲ ಮುಗೀಲಿ, ತಾನ ನಡೀತೈತಿ.” (ಕೊನೆಯದು ಚಿಗವ್ವನ ಅಭಿಪ್ರಾಯ.) ಒಂದು ಕಾರಿನ ಕಾಯಿಲೆಗೆ ಇಷ್ಟೊಂದು ವೈದ್ಯರು ನಮ್ಮ ಓಣಿಯಲ್ಲಿ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ.

ನಾನು ಬುತ್ತಿಯ ಗಂಟು ಹಿಡಿದು ಕಾರಿನ ಹಿಂದೆ ನಿಂತಿದ್ದೆ. ನಾಲ್ಕು ಜನ ಸೇರಿದಲ್ಲಿ ನಾನು ಮಾತಾಡುವವಳಲ್ಲ. ಆದರೆ ಇಂಜಿನ್ ಇಷ್ಟು ಹೊತ್ತು ಗುರುಗುಟ್ಟಿದರೂ ನನ್ನ ಬಿಳಿ ಸೀರೆಗೆ ಹೊಗೆಯೇ ಬಡಿದಿಲ್ಲವಲ್ಲ? ಕಾಲೇಜಿನಲ್ಲಿ ಫಿಜಿಕ್ಸ್ ಓದಿದವಳಿಗೆ ಇಷ್ಟು ಸಾಕಾಯಿತು.

“ಕಾಕಾ, ಹಿಂದ ಹೊಗಿ ಬರವಲ್ದು.”

ಮಿಸ್ತ್ರಿ ಹಿಂದೆ ಬಂದು ಮೊಣಕಾಲೂರಿದ. ಸೈಲೆನ್ಸರ್ ಕೊಳವೆಗೆ ತಂತಿಯ ಕೊಕ್ಕೆ ಹಾಕಿ ಎಳೆದ. ಮಸಿಯಾದ ಬಟ್ಟೆಯೊಂದು ಸುರುಳಿ ಬಿಚ್ಚುತ್ತ ಹೊರಬಂತು. ಕೊನೆಗೆ ಕಂಡದ್ದು ಕೆಂಪಂಚು.

ಉಡಿಯಲ್ಲಿಟ್ಟ ಖಣ!

“ಭೇಷ್ ಮಗಳ! ನಿನ್ನ ಡಿಗ್ರಿ ದಂಡ ಆಗಲಿಲ್ಲ ನೋಡು” ಎಂದ ಕಾಕಾ. ಖಣವನ್ನು ಆತ ಇನ್ನೂ ಗುರುತಿಸಿರಲಿಲ್ಲ. ಚಿಗವ್ವ ಗುರುತಿಸಿದ್ದಳು. “ಯಾವದೋ ಹುಡುಗ್ರ ಕಿತಾಪತಿ” ಎಂದು ಅವಸರದಿಂದ ಅದನ್ನು ಸೆರಗಿನೊಳಗೆ ಮುಚ್ಚಿದಳು.

“ಹುಡುಗ್ರಲ್ಲ ಅವ್ವಾ, ನಾನ ತುರುಕೀನಿ.”

ತಂಗಿಯ ದನಿ ಏರಿರಲಿಲ್ಲ. ಹೊಗೆಗೆ ದಾರಿ ಇಲ್ಲದಿದ್ದರೆ ಇಂಜಿನ್ನು ಭಾರ ಎಳೆಯುವುದಿಲ್ಲ ಎಂದು ಅವಳಿಗೆ ಯಾರು ಕಲಿಸಿದರು? ಕಾಕಾನೇ. ಕಾರು ಕೊಂಡ ವರ್ಷ ಮನೆಮಂದಿಗೆಲ್ಲ ಪಾಠ ಹೇಳಿದ್ದ.

“ಅಲ್ಲಿ ಬಡೀತಾರ ಅಂತ ಬಂದ ದಿನಾನ ಹೇಳೀನಿ, ಅಪ್ಪಾ. ನಾ ಒಲ್ಲೆ ಅಂದೀನಿ. ನೀವು ಕೇಳಲಿಲ್ಲ.”

ವಕೀಲರು ಎದ್ದು ಒಳಗೆ ಹೋದರು. (ಬಾಗಿಲನ್ನೂ ಹಾಕಿಕೊಂಡರು!) ಈಗ ಯಾರಾದರೂ ಏನಾದರೂ ಕೇಳುತ್ತಾರೆ ಎಂದು ಕಾದೆ. ಯಾರು ಬಡಿಯುತ್ತಾರೆ? ಯಾತಕ್ಕೆ? ಯಾವಾಗಿನಿಂದ? ಪ್ಲಗ್ಗಿನ ಬಗ್ಗೆ ಕೇಳಿದಷ್ಟಾದರೂ?

ಕಾಕಾ ಮಿಸ್ತ್ರಿಯ ಕಡೆ ತಿರುಗಿದ. “ಈಗ ಹಾಕಿ ನೋಡು.”

ಹಾಕಿದ. ಕಾರು ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಮುಂದೆ ಸರಿಯಿತು. ಚಿಗವ್ವ ಮಗಳ ಹಣೆಗೆ ಇನ್ನೊಮ್ಮೆ ಕುಂಕುಮ ಹಚ್ಚಿ, “ಹೊಂದಿಕೊಂಡು ಹೋಗಬೇಕವಾ. ಕಾರು ಹತ್ತು, ಹೊತ್ತಾತು” ಎಂದಳು. ತಂಗಿ ಹತ್ತುವ ಮುನ್ನ ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ. ನೀನೂ ಏನು, ಅಕ್ಕಾ, ಎಂಬಂತೆ.

ಈ ಬಾರಿ ಹೊಗೆ ಚೆನ್ನಾಗಿಯೇ ಬಂತು. ನನ್ನ ಸೀರೆ ಕಪ್ಪಾಯಿತು.

ರಾಜ್ಯ ಒಂದಾದ ದಿನ ಓಣಿಗೆಲ್ಲ ಪೇಢೆ ಹಂಚಿದ ಮನೆ ಅದು. ಆಳುವವರು ನಮ್ಮ ಮಾತು ಕೇಳಲಿ ಎಂದು ಕಾಕಾ ಎಷ್ಟು ಸಭೆಗಳಲ್ಲಿ ಕೂತು ಬಂದಿಲ್ಲ? ಒಳ್ಳೆಯವನು ಆತ. ನನ್ನನ್ನು ಓದಿಸಿದ್ದೂ ಆತನೇ. ಅದಕ್ಕೇ ನನಗೆ ಇನ್ನೂ ನಂಬಿಕೆ ಬರುತ್ತಿಲ್ಲ. ಕೆಟ್ಟವರು ಕೇಳಲಿಲ್ಲವೆಂದರೆ ಅರ್ಥವಾಗುತ್ತದೆ; ಒಳ್ಳೆಯವರ ಕಿವಿಗೆ ಏನಾಗಿರುತ್ತದೆ?

ಮರುದಿನ ಬೆಳಿಗ್ಗೆ ನಾನು ಕಲಿಸುವ ಶಾಲೆಗೆ ರಜೆ ಹೇಳಿ ಮುಂಡರಗಿಯ ಮೊದಲ ಬಸ್ಸು ಹಿಡಿದೆ. ಅವಳ ಅತ್ತೆ ಚಾಪೆ ಹಾಸಿ, “ಕುಂಡ್ರಿ ಬಾಯಾರ, ಇಷ್ಟ್ ಜಲ್ದಿ ಬಂದ್ರಿ, ಏನ್ ಖಬರ?” ಎಂದರು. ನಾನು ಕೂರಲಿಲ್ಲ. ಅವರೆದುರೇ ತಂಗಿಗೆ ಕೇಳಿದೆ:

“ನನ್ನ ಮನಿಯಾಗ ಇಬ್ಬರಿಗೆ ಜಾಗ ಐತಿ. ಬರ್ತೀ ಏನು?”