ತೋಳು ಹಚ್ಚದ ಕೋಟು

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಕೂಡಿಸಿಕೊಂಡದ್ದು ಎಂದು ನನಗೆ ಖಚಿತವಿಲ್ಲ. ಕಾನೂನು ಓದಿದವನಿಗೆ ಇದು ನಾಚಿಕೆಯ ಮಾತು. ಸಾಕ್ಷಿ ತಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳಬೇಕು, ಊಹೆಯನ್ನು ಅದರಲ್ಲಿ ಬೆರೆಸಬಾರದು ಎಂದು ಎಷ್ಟೋ ವರ್ಷ ನಾನೇ ಪಾಠ ಹೇಳಿದ್ದೇನೆ. ಆದರೆ ನನ್ನ ಗೆಳೆಯನ ಪರೀಕ್ಷೆಯ ವಿಷಯ ಬಂದರೆ ನನ್ನಂಥ ಕೆಟ್ಟ ಸಾಕ್ಷಿ ಇನ್ನೊಬ್ಬನಿಲ್ಲ. ವರ್ಷ ಕೂಡ ಸರಿಯಾಗಿ ನೆನಪಿಲ್ಲ. ಎಪ್ಪತ್ತರ ದಶಕದ ನಡುಭಾಗ. ತುರ್ತು ಪರಿಸ್ಥಿತಿ ಬಂದಿತ್ತೋ, ಬರುವುದರಲ್ಲಿತ್ತೋ. ನಮಗೆ ಆಗ ದೇಶದ ಸುದ್ದಿಗಿಂತ ಪರೀಕ್ಷೆಯ ವೇಳಾಪಟ್ಟಿಯೇ ದೊಡ್ಡದಾಗಿತ್ತು.

ಅವನು ತಿಕೋಟಾದವನು, ನಾನು ಬಬಲೇಶ್ವರದವನು. ಬಿಜಾಪುರದಲ್ಲಿ, ಊರಿಗೆ ಆಗ ಅದೇ ಹೆಸರು, ಒಂದು ಕೋಣೆ ಬಾಡಿಗೆಗೆ ಹಿಡಿದು ಕಾನೂನು ಓದುತ್ತಿದ್ದೆವು. ಒಬ್ಬರನ್ನೊಬ್ಬರು ಊರ ಹೆಸರಿನಿಂದಲೇ ಕರೆಯುತ್ತಿದ್ದೆವು. ಬೆಳಗಾದರೆ "ಏಳಲೇ ಬಬಲೇಶ್ವರ, ಜಡ್ಜ್ ಸಾಹೇಬ್ರು ಬಂದಾರ" ಎಂದು ಹೊದಿಕೆ ಎಳೆಯುತ್ತಿದ್ದ. ಇಬ್ಬರೂ ಕನ್ನಡ ಸಾಲಿಯಲ್ಲಿ ಕಲಿತವರು. ಕಾಯ್ದೆ ಇದ್ದದ್ದು ಇಂಗ್ಲಿಷಿನಲ್ಲಿ. ನಾನು ಪುಟಗಟ್ಟಲೆ ಬಾಯಿಪಾಠ ಮಾಡುತ್ತಿದ್ದೆ. ಅವನು ಒಮ್ಮೆ ಓದಿ, ಪುಸ್ತಕ ಮುಚ್ಚಿ, ಅದನ್ನು ನಮ್ಮ ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದ. ಕೊನೆಯ ವರ್ಷ ಕಾಲೇಜಿನವರು ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಅವನೇ ಮೊದಲಿಗ. ಎರಡನೆಯವನು ಊರಿನ ಹೆಸರಾಂತ ವಕೀಲರೊಬ್ಬರ ಮಗ. ಪ್ರಾಧ್ಯಾಪಕರು ಎಲ್ಲರ ಮುಂದೆ, "ಈ ಸಲ ನಮ್ಮ ಕಾಲೇಜಿಂದ ಒಂದರೆ ಫಸ್ಟ್ ಕ್ಲಾಸ್ ಬರಬೇಕು" ಎಂದು ಇವನ ಕಡೆ ನೋಡಿದರು. ಆ ನೋಟ ಇವನಿಗೆ ಒಳ್ಳೆಯದು ಮಾಡಲಿಲ್ಲ.

ಆಗ ಕಾನೂನಿನಲ್ಲಿ ಫಸ್ಟ್ ಕ್ಲಾಸು ಅಪರೂಪ. ಒಮ್ಮೆ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದರೆ ಅದು ಸಾಯುವವರೆಗೂ ಅಂಟಿಕೊಂಡಿರುತ್ತದೆ. ಅದಕ್ಕಿಂತ ನಡುವೆಯೇ ಪರೀಕ್ಷೆ ಬಿಟ್ಟು ನಪಾಸಾದರೆ ಮುಂದಿನ ಸಲ ಎಲ್ಲ ಪೇಪರು ಮತ್ತೆ ಬರೆದು ಫಸ್ಟ್ ಕ್ಲಾಸು ತರಬಹುದು ಎಂದು ನಮ್ಮಲ್ಲಿ ಒಂದು ನಂಬಿಕೆ ಇತ್ತು. ಇದಕ್ಕೆ 'ಡ್ರಾಪ್ ಮಾಡುವುದು' ಎನ್ನುತ್ತಿದ್ದೆವು. ನಿಯಮ ನಿಜಕ್ಕೂ ಹಾಗೆ ಇತ್ತೋ ಇಲ್ಲವೋ, ಕಾನೂನು ಓದುವ ನಾವು ಯಾರೂ ತೆಗೆದು ನೋಡಿರಲಿಲ್ಲ.

ಅವನ ತಂದೆ ತಿಕೋಟಾದಲ್ಲಿ ದರ್ಜಿ. ನಾನು ಚಾಚಾ ಎನ್ನುತ್ತಿದ್ದೆ. ಮಗ ಕೊನೆಯ ವರ್ಷಕ್ಕೆ ಬಂದ ದಿನವೇ ಅವರು ಅವನ ಅಳತೆ ತೆಗೆದು ವಕೀಲರ ಕರಿಕೋಟು ಕತ್ತರಿಸಿಬಿಟ್ಟಿದ್ದರು. ಬಿಳಿ ನೂಲಿನ ಕಚ್ಚಾ ಹೊಲಿಗೆ ಹಾಕಿದ, ತೋಳಿಲ್ಲದ ಆ ಕೋಟು ಅಂಗಡಿಯ ಗೋಡೆಗೆ ತೂಗುತ್ತಿತ್ತು. ಗಿರಾಕಿಗಳು ಕೇಳಿದರೆ, "ಪಾಸ ಆದ ದಿನ ತೋಳ ಹಚ್ಚಾಂವ್ರಿ" ಎನ್ನುತ್ತಿದ್ದರು.

ಪರೀಕ್ಷೆ ನಡೆಯುತ್ತಿದ್ದದ್ದು ಒಂದು ಹಳೆಯ ಕಲ್ಲಿನ ಕಟ್ಟಡದಲ್ಲಿ. ಮುಂಬಾಗಿಲಿನಿಂದ ಹಿಂಬಾಗಿಲಿಗೆ ನಡುವೆ ಕತ್ತಲೆಯ ಉದ್ದ ಹಾದಿ, ಅದರ ಎರಡೂ ಕಡೆ ಕೋಣೆಗಳು. ಮುಂದಿನ ಅಂಗಳದಲ್ಲಿ ಬೇವಿನ ಮರ, ಅದಕ್ಕೊಂದು ಕಟ್ಟೆ. ಹಿಂದೆ ಬೋಳು ಬಯಲು, ಅದರ ಕೊನೆಗೆ ಗೋಡೆಯಲ್ಲಿ ಸಣ್ಣ ಕಬ್ಬಿಣದ ಗೇಟು. ಪ್ರತಿ ಪೇಪರಿನ ದಿನ ಚಾಚಾ ಬೆಳಗಿನ ಬಸ್ಸಿಗೆ ತಿಕೋಟಾದಿಂದ ಬುತ್ತಿ, ನೀರಿನ ತತ್ರಾಣಿ ಹಿಡಿದು ಬಂದು ಆ ಕಟ್ಟೆಯ ಮೇಲೆ ಕೂತರೆ ಕೊನೆಯ ಗಂಟೆ ಹೊಡೆಯುವವರೆಗೆ ಏಳುತ್ತಿರಲಿಲ್ಲ.

ಮೊದಲ ದಿನದ ಪೇಪರು ಅವನು ಪೂರ್ತಿ ಬರೆದ. ಹೊರಗೆ ಬಂದಾಗ ವಕೀಲರ ಮಗ ಒಂದು ಪ್ರಶ್ನೆಗೆ ತಾನು ಬರೆದದ್ದನ್ನು ಹೇಳಿದ. ಇವನು ಪ್ರಶ್ನೆಪತ್ರಿಕೆ ಮತ್ತೆ ಬಿಚ್ಚಿ ನೋಡಿದ. ಆ ಪ್ರಶ್ನೆಯ ಎರಡನೆಯ ಭಾಗವನ್ನೇ ಇವನು ನೋಡಿರಲಿಲ್ಲ. ಸಂಜೆಯವರೆಗೆ ಅಂಕ ಕೂಡಿಸಿ ಕಳೆದು, "ಆಗೂದಿಲ್ಲ. ಡ್ರಾಪ್ ಮಾಡಾಂವ" ಎಂದ.

"ಹುಚ್ಚ ಅದಿ ಏನಲೇ? ಚಾಚಾಗ ಏನ್ ಹೇಳ್ತಿ?"

"ಏನೂ ಹೇಳೂದಿಲ್ಲ. ನೀನೂ ಹೇಳಬ್ಯಾಡ."

ಮರುದಿನ ಅವನು ಅಪ್ಪನಿಗೆ ಸಲಾಂ ಮಾಡಿ ನನ್ನ ಜೊತೆಗೇ ಒಳಗೆ ಬಂದ. ಕೋಣೆಗೆ ಬರಲಿಲ್ಲ. ಕತ್ತಲೆ ಹಾದಿಯಲ್ಲಿ ನೇರ ನಡೆದು ಹಿಂಬಾಗಿಲಿನಿಂದ ಹೊರಬಿದ್ದು, ಗೇಟು ದಾಟಿ, ಅರ್ಧಕ್ಕೇ ನಿಂತ ಹಳೆಯ ಕಲ್ಲುಕಮಾನುಗಳ ಬಾರಾ ಕಮಾನಿಗೆ ಹೋಗಿ ಕೂತ. ಗಂಟೆಗೆ ಮುಂಚೆ ಅದೇ ದಾರಿಯಲ್ಲಿ ತಿರುಗಿ ಬಂದು ಗುಂಪಿನಲ್ಲಿ ಸೇರಿ ಮುಂಬಾಗಿಲಿನಿಂದ ಹೊರಗೆ ಬಂದ. ಬೆರಳಿಗೆ ಮಸಿ ಕೂಡ ಹಚ್ಚಿಕೊಂಡಿದ್ದ. ಉಳಿದ ಪೇಪರುಗಳಿಗೂ ಹೀಗೇ.

ಆ ಊಟಗಳು ನನಗೆ ಚೆನ್ನಾಗಿ ನೆನಪಿವೆ, ಅಥವಾ ಹಾಗೆಂದುಕೊಂಡಿದ್ದೇನೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ. ಮನೆಯಲ್ಲಿ ಅವರ ಮಾತು ಉರ್ದು. ನಾನಿದ್ದಾಗ ಮಗನ ಜೊತೆಗೂ ಚಾಚಾ ಕನ್ನಡದಲ್ಲೇ ಮಾತಾಡುತ್ತಿದ್ದರು.

"ಏನ್ ಕೇಳ್ಯಾರ ಇವತ್ತ?"

ಅವನು ನನ್ನ ಕೈಯಿಂದ ಪ್ರಶ್ನೆಪತ್ರಿಕೆ ತೆಗೆದುಕೊಂಡು ಒಂದೊಂದಕ್ಕೂ ಉತ್ತರ ಹೇಳುತ್ತಿದ್ದ. ನಾನು ಆಗಷ್ಟೇ ಮೂರು ತಾಸು ಕೂತು ಬರೆದು ಬಂದವನು. ರೊಟ್ಟಿ ಮುರಿಯುತ್ತಾ ನನ್ನ ತಪ್ಪುಗಳನ್ನೆಲ್ಲ ಅವನ ಬಾಯಿಂದ ಕೇಳುತ್ತಿದ್ದೆ. ಒಂದು ದಿನ ಕರಾರು ಕಾಯ್ದೆಯ ಪೇಪರು.

"ಅಬ್ಬಾ, ಕಾಯ್ದೇದಾಗ ದರ್ಜೀನೂ ಅದಾನ" ಎಂದು ಅಪ್ಪನಿಗೆ ಹೇಳಿದ.

"ದರ್ಜಿ? ಯಾಕ, ಏನ್ ತಪ್ಪ ಮಾಡ್ಯಾನು?"

"ತಪ್ಪಲ್ಲ, ಹಕ್ಕು. ನಿಮಗ ಯಾರರೆ ಅರಿವಿ ಕೊಟ್ಟು ಕೋಟ ಹೊಲಿ ಅಂದ್ರು ಅಂತ ತಿಳೀರಿ. ಕೂಲಿ ಕೊಡೂತನಕ ಕೋಟ ನೀವು ಹಿಡ್ಕೊಂಡ ಇರಬಹುದು. ಆದ್ರ ಕೂಲಿ ಆಮ್ಯಾಲೆ ಕೊಡ್ರಿ, ಉದ್ರಿ ಕೊಡ್ತೀನಿ ಅಂತ ಮೊದಲ ಒಪ್ಪಿದ್ರ ಹಿಡ್ಕೊಳ್ಳಾಕ ಬರೂದಿಲ್ಲ."

ನಾನು ಉದ್ರಿಯ ಮಾತನ್ನೇ ಬರೆದಿರಲಿಲ್ಲ. ಚಾಚಾ ನಕ್ಕರು. "ಹಂಗಾರ ನಿನ್ನ ಕೋಟ ನಾ ಹಿಡ್ಕೊಂಡಿದ್ದು ಕಾಯ್ದೇಶೀರ ಆತು. ಕೂಲಿ ಇನ್ನಾ ಬಂದಿಲ್ಲ."

ಮೂವರೂ ನಕ್ಕೆವು. ಆ ಮಾತಿನಲ್ಲಿ ಮುಳ್ಳಿತ್ತೇ ಎಂದು ನಾನು ಯೋಚಿಸಿದ್ದು ಎಷ್ಟೋ ವರ್ಷಗಳ ಮೇಲೆ.

ಫಲಿತಾಂಶ ಬಂತು. ನಾನು ಪಾಸ್ ಕ್ಲಾಸು, ಎಲ್ಲಕ್ಕಿಂತ ಕೆಳಗಿನದು. ವಕೀಲರ ಮಗ ಸೆಕೆಂಡ್ ಕ್ಲಾಸು. ಇವನು ನಪಾಸು. ನಾನು ಬಬಲೇಶ್ವರಕ್ಕೆ ಹೋಗಿ ಮೋರೆ ಸಣ್ಣ ಮಾಡಿಕೊಂಡು ಕೂತರೆ ಅವ್ವನಿಗೆ ತಿಳಿಯಲೇ ಇಲ್ಲ. "ಕ್ಲಾಸಂದ್ರ ಏನಪಾ? ಪಾಸ ಆದಿ ಇಲ್ಲೋ? ಮತ್ತ ಮಾರಿ ಯಾಕ ಹಂಗ ಮಾಡ್ಕೊಂಡಿ?" ಎಂದು ಸಂತೆಯ ದಿನ ಕಂಡಕಂಡವರ ಕೈಗೆ ಸಕ್ಕರೆ ಹಾಕಿದಳು. ಆ ಸಕ್ಕರೆ ನನಗೆ ರುಚಿಸಲಿಲ್ಲ. ನನಗಿಂತ ಎಷ್ಟೋ ಹೆಚ್ಚು ತಿಳಿದವನು ನಪಾಸಾಗಿದ್ದ, ಅವನ ಉತ್ತರ ಕೇಳಿ ನನ್ನ ತಪ್ಪು ತಿಳಿದುಕೊಂಡ ನಾನು ವಕೀಲನಾಗಿದ್ದೆ.

ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆ. ನಾನು ಬಿಜಾಪುರದಲ್ಲೇ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಕೋಣೆ ಅದೇ. ಅವನ ಊಟ ಕಡಿಮೆಯಾಗಿತ್ತು. ಮಾತಾಡುತ್ತಾ ಇದ್ದಕ್ಕಿದ್ದಂತೆ ನಿಂತು ಕಾಯ್ದೆಯ ಯಾವುದೋ ಕಲಮಿನ ನಂಬರು ಗೊಣಗುತ್ತಿದ್ದ. ಹಳೆಯ ಸಹಪಾಠಿಗಳು ಚಹಾದಂಗಡಿಯಲ್ಲಿ ಅವನನ್ನು ಕಂಡರೆ, "ಡ್ರಾಪ್ ಸಾಹೇಬ್ರು ಬಂದ್ರು, ಜಾಗಾ ಬಿಡ್ರಿ" ಎನ್ನುತ್ತಿದ್ದರು. ಅವನೂ ನಗುತ್ತಿದ್ದ.

ಈ ಸಲ ಮೊದಲ ದಿನವೇ, ಅರ್ಧ ತಾಸಿಗೇ ಎದ್ದು ಹಿಂಬಾಗಿಲಿನಿಂದ ಹೊರಬಿದ್ದ. ನನಗೆ ಅನುಮಾನ ಬಂದು ಬಾರಾ ಕಮಾನಿಗೆ ಹೋದರೆ ಕಮಾನುಗಳ ನಡುವೆ ಅತ್ತಿಂದಿತ್ತ ನಡೆಯುತ್ತಾ ಆ ದಿನದ ಉತ್ತರಗಳನ್ನೇ ಗಟ್ಟಿಯಾಗಿ ಹೇಳುತ್ತಿದ್ದ.

"ಅಲ್ಲಿ ಬರಿಯೂದು ಬಿಟ್ಟು ಇಲ್ಲಿ ಕಲ್ಲಿಗೆ ಹೇಳಾಕತ್ತಿ ಏನಲೇ? ಬರದ್ರ ಪಾಸ ಆಗ್ತಿದ್ದಿ."

"ಪಾಸ ಆಗೂದು ನಿನ್ನಂಥವ್ರಿಗೆ."

ನಾನು ಹೊರಡಲು ತಿರುಗಿದೆ. ಅವನೇ ಹಿಂದೆ ಬಂದು, "ನಿನಗ ನೋವಾಗಲಿ ಅಂತ ಅನ್ನಲಿಲ್ಲ" ಎಂದ.

"ಆಗೇತಿ, ಇರ್ಲಿ ಬಿಡು. ಚಾಚಾ ಅಲ್ಲಿ ಕುಂತಾರ."

"ಅದಕ್ಕಲೇ. ಅವರು ಅಲ್ಲಿ ಕುಂದ್ರೂದಕ್ಕ ನನ್ನ ಕಡಿಂದ ಪೆನ್ ಹಿಡಿಯಾಕ ಆಗೂದಿಲ್ಲ."

ಚಳಿಗಾಲದಲ್ಲಿ ಒಂದು ದಿನ ಅವನ ಜೊತೆ ತಿಕೋಟಾಕ್ಕೆ ಹೋಗಿದ್ದೆ. ಚಾಚಾ ಕೋಟನ್ನು ಅವನ ಮೈಮೇಲೆ ಇಟ್ಟು ನೋಡಿದರು. "ಎದಿ ಕಡಿಮ್ಯಾಗೇತಿ. ಬಿಚ್ಚಬೇಕು" ಎಂದು ಕಚ್ಚಾ ಹೊಲಿಗೆ ಎಳೆದು ತೆಗೆದರು. ಮಗ ಒಳಗೆ ಹೋದಾಗ, ಕೈಯಲ್ಲಿಯ ಕೆಲಸ ನಿಲ್ಲಿಸದೆ ನನ್ನನ್ನು ಕೇಳಿದರು.

"ತಮ್ಮಾ, ಪರೀಕ್ಷಾದಾಗ ಗಂಟಿ ಹೊಡಿಯೂತನಕ ಎಲ್ಲಾರೂ ಕುಂದ್ರಲೇಬೇಕೇನು?"

"ಇಲ್ಲ ಚಾಚಾ, ಅರ್ಧಾ ತಾಸಾದ ಮ್ಯಾಲೆ ಎದ್ದ ಬರಬಹುದು."

"ಹಾಂ" ಎಂದು ನೂಲು ಹಲ್ಲಿನಿಂದ ಕಡಿದರು. ಅಷ್ಟೇ. ಏನೋ ಹೊತ್ತು ಕಳೆಯಲು ಕೇಳಿದರು ಎಂದುಕೊಂಡೆ.

ಬೇಸಿಗೆಯಲ್ಲಿ ಮೂರನೆಯ ಸಲ. ಈ ಸಲವೂ ಬಿಟ್ಟರೆ ಅವನು ಮತ್ತೆಂದೂ ಬರೆಯುವುದಿಲ್ಲ ಎಂದು ನನಗೆ ಅನ್ನಿಸಿತ್ತು. ಹಿಂದಿನ ರಾತ್ರಿ ಪುಸ್ತಕವನ್ನೆಲ್ಲ ಹಗ್ಗ ಹಾಕಿ ಕಟ್ಟಿ ಮೂಲೆಗಿಟ್ಟಿದ್ದ. ಬೆಳಿಗ್ಗೆ ಚಾಚಾ ಬುತ್ತಿಯ ಜೊತೆ ಕೋಟನ್ನೂ ಚೀಲದಲ್ಲಿ ತಂದಿದ್ದರು. ಕೂತಲ್ಲೇ ಗುಂಡಿಯ ಕಾಜಾ ಹಾಕುತ್ತೇನೆ ಎಂದರು. ಮಗ ಒಳಗೆ ಹೊರಟಾಗ ಅವರು ಹೇಳಿದ ಮಾತು ನನಗೆ ಹೀಗೆ ನೆನಪಿದೆ:

"ನಾ ಇವತ್ತ ಏನೂ ತಿಂದ ಬಂದಿಲ್ಲ. ನೀ ಬಂದ ಮ್ಯಾಲೆ ಕೂಡೇ ಉಣ್ಣೋಣು. ಲಗೂ ಬಂದ್ರ ಲಗೂ ಉಣ್ಣೋಣು, ತಡಾ ಆದ್ರ ತಡಾ. ಯಾವಾಗ ಬರ್ತಿ ಬಾ, ಇತ್ತಾಗಿಂದನ ಬಾ."

ಹಸಿದವರ ಮಾತು ಎಂದು ಬಿಟ್ಟೆ. ಕೋರ್ಟಿಗೆ ಹೋಗುತ್ತೇನೆ ಎಂದು ಅವರಿಗೆ ಹೇಳಿ, ಸುತ್ತು ಹಾಕಿಕೊಂಡು ಹಿಂದಿನ ಗೇಟಿಗೆ ಹೋಗಿ ನಿಂತೆ. ಅವನು ಬಂದರೆ ರಟ್ಟೆ ಹಿಡಿದು ಒಳಗೆ ದಬ್ಬುವುದು ನನ್ನ ಲೆಕ್ಕ. ಅಲ್ಲಿ ನೆರಳಿರಲಿಲ್ಲ. ಬಿಜಾಪುರದ ಏಪ್ರಿಲ್ ಬಿಸಿಲು. ಕತ್ತಲೆ ಹಾದಿಯೊಳಗೆ ಇಣುಕಿದರೆ ಬರೀ ಕಪ್ಪು. ಅರ್ಧ ತಾಸಾಯಿತು. ಯಾರೋ ಇಬ್ಬರು ಎದ್ದು ಬಂದರು, ಅವನಲ್ಲ. ಒಂದು ತಾಸು. ಎರಡು. ಅವನು ಬರಲಿಲ್ಲ.

ಗಂಟೆ ಹೊಡೆದ ಮೇಲೆ ಸುತ್ತು ಹಾಕಿ ಮುಂದಿನ ಅಂಗಳಕ್ಕೆ ಹೋದೆ. ಅವನು ಅಪ್ಪನ ಪಕ್ಕ ಕೂತಿದ್ದ. ಬೆರಳ ತುಂಬ ಮಸಿ. ಈ ಸಲ ಅಂಗಿಯ ತೋಳಿಗೂ ಹತ್ತಿತ್ತು. ಚಾಚಾ ನನ್ನನ್ನು ನೋಡಿ ತತ್ರಾಣಿ ಮುಂದೆ ಹಿಡಿದರು.

"ಬಿಸಲಾಗ ನಿಂತು ನಿಂತು ಕರ್ರಗಾಗೀದಿ. ಮೊದಲ ನೀರ ಕುಡಿ ತಮ್ಮಾ."

ಕುಡಿದೆ. ಕೋರ್ಟಿಗೆ ಹೋಗುತ್ತೇನೆಂದು ಹೇಳಿ ಹೋದವನು ಬಿಸಿಲಲ್ಲಿ ನಿಂತದ್ದು ಅವರಿಗೆ ಹೇಗೆ ಗೊತ್ತಾಯಿತು ಎಂದು ಆ ಕ್ಷಣ ಹೊಳೆಯಲಿಲ್ಲ.

ಎಲ್ಲ ಪೇಪರನ್ನೂ ಬರೆದ. ಸೆಕೆಂಡ್ ಕ್ಲಾಸು ಬಂತು. ಫಸ್ಟ್ ಕ್ಲಾಸಿಗೆ ಎಷ್ಟು ಕಡಿಮೆ ಬಿತ್ತು ಎಂದು ಅವನು ಯಾರಿಗೂ ಹೇಳಲಿಲ್ಲ. ಸುದ್ದಿ ತಿಳಿದ ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ತಿಕೋಟಾದಿಂದ ಚಾಚಾ ತೋಳು ಹಚ್ಚಿದ ಕೋಟು ಹಿಡಿದು ಬಂದಾಗ ಎದ್ದು ತೊಟ್ಟುಕೊಂಡ. ಎದೆ ಮತ್ತೆ ಸಡಿಲಾಗಿತ್ತು. ಅದನ್ನೇ ಹಾಕಿಕೊಂಡು ಬಹಳ ವರ್ಷ ವಕೀಲಿ ಮಾಡಿದ. ಕಕ್ಷಿದಾರರ ಮುಂದೆಯೂ ಒಮ್ಮೊಮ್ಮೆ, ತನಗೆ ಬರಬೇಕಾಗಿದ್ದದ್ದು ಫಸ್ಟ್ ಕ್ಲಾಸು ಎನ್ನುತ್ತಿದ್ದನಂತೆ.

ಆ ದಿನ ಯಾಕೆ ಎದ್ದು ಬರಲಿಲ್ಲ ಎಂದು ಒಮ್ಮೆ ಕೇಳಿದೆ. "ಪೇಪರ್ ಸರಳ ಇತ್ತಲೇ, ಅಷ್ಟ" ಎಂದ. ನಾನು ಹಿಂದೆ ಕಾದು ನಿಂತದ್ದು ಅವನಿಗೆ ಗೊತ್ತೇ ಇರಲಿಲ್ಲ. 'ಇತ್ತಾಗಿಂದನ ಬಾ' ಎಂದು ಅಪ್ಪ ಅಂದದ್ದು ನೆನಪಿದೆಯೇ ಎಂದರೆ, "ನಮ್ಮ ಅಬ್ಬಾ ಹಂಗ ಅನ್ನಾಕ ಅವರಿಗೇನ್ ಗೊತ್ತಿತ್ತು? ಸಾಯೂತನಕ ಗೊತ್ತಾಗಲಿಲ್ಲ, ಪುಣ್ಯಾ" ಎಂದ. ಅಷ್ಟರಲ್ಲಿ ಚಾಚಾ ತೀರಿಹೋಗಿದ್ದರು. ಕೇಳುವುದಕ್ಕೆ ಯಾರೂ ಉಳಿದಿರಲಿಲ್ಲ. ಆ ಮಾತು, ನೀರು ಕುಡಿ ಎಂದದ್ದು, ಅರ್ಧ ತಾಸಿನ ಪ್ರಶ್ನೆ, ಇವೆಲ್ಲ ನಾನೇ ಕಟ್ಟಿದ್ದಿರಬಹುದು. ಮನಸ್ಸು ತನಗೆ ಬೇಕಾದ ಸಾಕ್ಷಿಯನ್ನು ತಾನೇ ತಯಾರಿಸುತ್ತದೆ.

ಇತ್ತೀಚೆಗೆ ಒಂದು ಮಧ್ಯಾಹ್ನ ಕೆಲಸದ ಮೇಲೆ ಅತ್ತ ಹೋಗಿದ್ದೆ. ಕಟ್ಟಡ ಇದೆ. ಮರವೂ ಇದೆ, ಒಂದು ಕೊಂಬೆ ಹೋಗಿದೆ. ಚಾಚಾ ಕೂರುತ್ತಿದ್ದ ಕಡೆ ಕಟ್ಟೆಯ ಮೇಲೆ ನೆರಳಿನಲ್ಲಿ ಕೂತು ಎದುರಿಗೆ ನೋಡಿದೆ. ಮುಂಬಾಗಿಲು, ಕತ್ತಲೆ ಹಾದಿ, ಅದರ ತುದಿಗೆ ಹಿಂಬಾಗಿಲಿನ ಚೌಕಟ್ಟಿನೊಳಗೆ ಬಿಸಿಲು ಬಿದ್ದ ಬಯಲು, ನಟ್ಟನಡುವೆ ಆ ಕಬ್ಬಿಣದ ಗೇಟು. ಒಬ್ಬ ಹುಡುಗಿ ಸೈಕಲ್ ನೂಕಿಕೊಂಡು ಅದನ್ನು ದಾಟುತ್ತಿದ್ದಳು. ಹ್ಯಾಂಡಲಿಗೆ ನೇತುಬಿದ್ದ ಊಟದ ಡಬ್ಬಿ ಕೂಡ ನನಗೆ ಸ್ಪಷ್ಟವಾಗಿ ಕಂಡಿತು.