ಅತನೂರಿನ ಹೊಲದಲ್ಲಿ ಒಂದು ಎಡೆ

ಎಳ್ಳಮಾವಾಸ್ಯೆಯ ದಿನವೇ ಅತನೂರಿಗೆ ಬಂದಿಳಿದೆ. ಮೂವತ್ತು ವರ್ಷಗಳ ಹಿಂದೆ ದರೋಡೆಕೋರ ಮಲಕಪ್ಪ ಸಿಕ್ಕಿಬಿದ್ದ ಜಾಗ ಈಗ ಊರಲ್ಲಿ ನಾನು ಕೇಳಿದ ಯಾರಿಗೂ ಗೊತ್ತಿಲ್ಲ. ನನಗೆ ಗುರುತಿದ್ದ ಬಾವಿ ಮುಚ್ಚಿಹೋಗಿದೆ, ಬನ್ನಿಗಿಡವೂ ಇಲ್ಲ.

ಜೋಳದ ಹೊಲವೊಂದರಲ್ಲಿ ಭೂತಾಯಿಗೆಂದು ಅಡುಗೆಯ ಚರಗ ಚೆಲ್ಲುತ್ತಿದ್ದ ಮುದುಕಿಯನ್ನು ನೋಡಿದೊಡನೆ ಗುರುತು ಹಿಡಿದೆ. ನೀಲವ್ವ. ಅವಳಿಗೆ ನನ್ನ ಗುರುತು ಹತ್ತಲಿಲ್ಲ. ಬದುವಿನ ಮೂಲೆಯಲ್ಲಿ ಸಜ್ಜೆರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ ಬೇರೆಯಾಗಿಟ್ಟು ಬಂದಳು. ಈ ದಿನ ಹೊಲಕ್ಕೆ ಬಂದವರನ್ನು ಉಣ್ಣಿಸದೆ ಕಳಿಸುವಂತಿಲ್ಲ; ನನ್ನ ಕೈಗೂ ಒಂದು ರೊಟ್ಟಿ ಕೊಟ್ಟಳು.

"ಆ ಎಡಿ ಯಾರಿಗವ್ವಾ?"

"ಮಲಕಪ್ಪಗ್ರಿ. ಅಲ್ಲೇ ಕುಂತು ನಾ ತಂದ ಬುತ್ತಿ ಉಣ್ಣಾಕತ್ತಿದ್ದ. ಅರ್ಧ ರೊಟ್ಟಿ ಕೈಯಾಗ ಇದ್ದಾಗೇ ಹಿಡದ್ರು."

ಪೊಲೀಸ್ ಅಮೀನನಿಗೆ ಜಾಗ ತೋರಿಸಿದವನು ನಾನೇ. ಹೈಸ್ಕೂಲು ಕಲಿತ ನನ್ನನ್ನು ಒಲ್ಲೆನೆಂದವಳು ಕಳ್ಳನಿಗೆ ಬುತ್ತಿ ಹೊರುತ್ತಾಳಲ್ಲ ಎಂಬ ಹೊಟ್ಟೆಕಿಚ್ಚು. ಅವನು ಜೈಲಿನಲ್ಲೇ ಸತ್ತ. ತಪ್ಪೊಪ್ಪಿಕೊಳ್ಳಲೆಂದೇ ಬಂದಿದ್ದೆ; ಆ ಎಡೆ ಕಂಡು ಮತ್ತೆ ಅದೇ ಕಿಚ್ಚು. ಸತ್ತವನಿಗೆ ಈಗಲೂ ಮೊದಲ ರೊಟ್ಟಿ, ನನಗೆ ದಾರಿಹೋಕರ ಪಾಲು.

"ಹಿಡಿಸಿದಾವ ಯಾರು?"

"ನನ್ನ ನೋಡಾಕ ಬಂದಿದ್ದ ಆಳಂದದಾವ ಒಬ್ಬ. ಹೆಸರೂ ನೆನಪಿಲ್ರಿ."

ಬೈಯುವುದಕ್ಕಾದರೂ ನನ್ನ ಹೆಸರನ್ನು ಇಟ್ಟುಕೊಂಡಿರಲಿಲ್ಲ. ಅದನ್ನು ತಡೆಯಲಾಗಲಿಲ್ಲ.

"ಶಿವಪ್ಪ. ನಾನೇ" ಎಂದುಬಿಟ್ಟೆ. ಪಶ್ಚಾತ್ತಾಪದಿಂದ ಹೇಳಿದೆನೆಂದು ಬರೆದರೆ ಅದು ಸುಳ್ಳಾಗುತ್ತದೆ.

ನಾನು ಏಳಲು ಹೋದೆ.

"ಕುಂದ್ರು. ಕೈಯಾಗಿನ ರೊಟ್ಟಿ ಪೂರಾ ಉಂಡು ಹೋಗು. ಅವನಿಗಿ ಅಷ್ಟೂ ಬಿಡಲಿಲ್ಲ ನೀ."